ರೇಡಿಯೋ ಪೆಟ್ಟಿಗೆಯ ಕಂಪ್ಯೂಟರ್

ಕೆಮ್ಮಿನ ಔಷಧಿ ಕೊಳ್ಳಲು ಬಂದಿದ್ದ ಗ್ರಂಥಪಾಲಕರು ಬಾಟಲಿಯನ್ನು ಜೇಬಿಗಿಳಿಸುತ್ತ, "ಇವತ್ತು ಬಿಡುವಾದ್ರೆ ನಮ್ಮ ಲೈಬ್ರರಿ ಮಹಡಿಗೆ ಬನ್ನಿ. ಜನ ಅವರವರ ಹಳೇ ಕಂಪ್ಯೂಟರ್ ಎಲ್ಲ ಹೊತ್ತು ತಂದಿದ್ದಾರೆ. ಸಂತೆ ಥರ ಆಗಿದೆ" ಎಂದರು.

"ಹಳೇದಾ? ಕೆಲಸ ಮಾಡ್ತವಾ?"

"ಕೆಲವು ಮಾಡ್ತವೆ, ಕೆಲವು ಹೊಗೆ ಬಿಡ್ತವೆ. ಒಬ್ಬಾಕೆಯಂತೂ ರೇಡಿಯೋ ಪೆಟ್ಟಿಗೆ ಒಳಗೆ ಕೂರಿಸಿರೋ ಕಂಪ್ಯೂಟರ್ ತಂದಿದ್ದಾಳೆ. ಮರದ ಪೆಟ್ಟಿಗೆ, ಮುಂದೆ ಟ್ಯೂನ್ ಮಾಡೋ ಗುಂಡಿ, ಅದರ ಕೆಳಗೆ ಕೀಲಿಮಣೆ. ನೋಡಿದ್ರೆ ನಗು ಬರುತ್ತೆ."

ಅಂಗಡಿಯವಳಿಗೆ ನಗು ಬರಲಿಲ್ಲ. ಚಿಲ್ಲರೆ ಕೊಡಲು ಚಾಚಿದ್ದ ಕೈ ಹಾಗೇ ನಿಂತುಬಿಟ್ಟಿತು. ಇಡೀ ಬೀದಿ ಅವಳನ್ನು ಮಾತ್ರೆ ಅಕ್ಕ ಎಂದು ಕರೆಯುತ್ತಿತ್ತು. ಯಾವ ಗಡಿಬಿಡಿಯಲ್ಲೂ ಅವಳ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಈಗ ಗ್ರಂಥಪಾಲಕರ ಚಿಲ್ಲರೆಯನ್ನು ತನ್ನ ಜೇಬಿಗೇ ಹಾಕಿಕೊಂಡು, ಅವರನ್ನು ಹೊರಗೆ ಕಳಿಸಿ, ಬಾಗಿಲು ಎಳೆದು, ತಮ್ಮನಿಗೆ ಫೋನ್ ಹಚ್ಚಿದಳು.

"ವ್ಯಾನ್ ತಗೊಂಡು ಬಾ. ಈಗಲೇ."

ಶಾಲೆಯ ಮಕ್ಕಳ ವ್ಯಾನ್ ಓಡಿಸುವ ತಮ್ಮನಿಗೆ ಅಂದು ರಜೆ. ಅವನು ಇನ್ನೂ ಹಾಸಿಗೆಯಲ್ಲೇ ಇದ್ದ. "ಯಾರಿಗೇನಾಯ್ತಕ್ಕಾ?"

"ಯಾರಿಗೂ ಏನೂ ಆಗಿಲ್ಲ. ಕಂಪ್ಯೂಟರ್ ಸಿಕ್ಕಿದೆ."

"ಯಾವ ಕಂಪ್ಯೂಟರ್?"

"ನಮ್ಮದು."

"ಬಂದೆ" ಎಂದು ತಮ್ಮ ಫೋನ್ ಇಟ್ಟುಬಿಟ್ಟ. ಹೆಚ್ಚು ಕೇಳದೆ ಬಿಡುವುದು ಅವನ ಜಾಯಮಾನವಲ್ಲ. ಅಲ್ಲಿಗೇ ಅಕ್ಕನಿಗೆ ಅರ್ಧ ಕಥೆ ತಿಳಿದುಹೋಯಿತು.

ಅವರ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಕ್ಕ ಹೈಸ್ಕೂಲಿನಲ್ಲಿದ್ದಾಗ ಅಪ್ಪ ಎಲ್ಲಿಂದಲೋ ಕಂಪ್ಯೂಟರಿನ ಬಿಡಿಭಾಗಗಳ ಒಂದು ಡಬ್ಬ ತಂದರು. ಜೋಡಿಸಿಕೊಳ್ಳುವುದು ನಿಮ್ಮ ಹಣೆಬರಹ ಎಂದು ಕೊಟ್ಟವನು ಹೇಳಿ ಕಳಿಸಿದ್ದನಂತೆ. ಅಪ್ಪ ಬೆಸುಗೆ ಹಾಕುವುದು, ಮಗಳು ಭೂತಗನ್ನಡಿ ಹಿಡಿದು ಚಿಪ್‌ಗಳ ಕಾಲು ಎಣಿಸುವುದು, ತಮ್ಮ ಎಲ್ಲದರ ನಡುವೆ ತಲೆ ತೂರಿಸಿ ಬೈಸಿಕೊಳ್ಳುವುದು. ಡಬ್ಬದಲ್ಲಿ ಬಂದಿದ್ದ ಪ್ಲಾಸ್ಟಿಕ್ ಹೊದಿಕೆ ಒಡೆದಿತ್ತು. ಗಿರಾಕಿಯೊಬ್ಬರು ಬಿಟ್ಟುಹೋದ ಸತ್ತ ರೇಡಿಯೋದ ಪೆಟ್ಟಿಗೆಯನ್ನು ಒರೆಸಿ, ಅದರೊಳಗೆ ಎಲ್ಲವನ್ನೂ ಕೂರಿಸಿದರು. ಮನೆಯ ಟೀವಿಯೇ ಪರದೆ. ಪ್ರೋಗ್ರಾಮ್ ತುಂಬಲು ಕ್ಯಾಸೆಟ್ ಪ್ಲೇಯರ್. ಮೊದಲ ಸಲ ಪರದೆಯ ಮೂಲೆಯಲ್ಲಿ ಪುಟ್ಟ ಚೌಕವೊಂದು ಮಿನುಗಿದಾಗ ಅಪ್ಪ, ಮಗಳು ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅಡುಗೆಮನೆಯವರೆಗೆ ಕುಣಿದುಕೊಂಡು ಹೋಗಿದ್ದರು, ಅದೂ ತುದಿಗಾಲಲ್ಲಿ. ಏಕೆಂದರೆ ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಹಗಲು ಹೊತ್ತು ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅಕ್ಕ ಒಂದು ದಿನ ಕಾಲೇಜಿನಿಂದ ಬಂದು ನೋಡಿದರೆ ಮೇಜು ಖಾಲಿ. "ಸುಟ್ಟುಹೋಯ್ತು, ಗುಜರಿಗೆ ಹಾಕಿದೆ" ಎಂದ ತಮ್ಮ. ಅಕ್ಕ ಮುಖ ಊದಿಸಿಕೊಂಡು ಎಷ್ಟೋ ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಅವಳ ಬಾಳಿನಲ್ಲಿ ಎಷ್ಟೋ ಕಂಪ್ಯೂಟರುಗಳು ಬಂದು ಹೋದವು. ಅಂಗಡಿಯಲ್ಲಿ ಈಗಿರುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಗುತ್ತದೆ. ಅದರ ಮೇಲೆ ಅವಳಿಗೆ ಕೋಪವೂ ಇಲ್ಲ, ಅಕ್ಕರೆಯೂ ಇಲ್ಲ.

ವ್ಯಾನಿನಲ್ಲಿ ಮಕ್ಕಳ ಸೀಟಿನ ಮೇಲೆ ಮೊಣಕಾಲು ಮಡಚಿ ಕೂತು ಅಕ್ಕ ಕೇಳಿದಳು, "ಗುಜರಿಗೆ ಹಾಕಿದ್ದೆ ಅಲ್ವಾ?"

"ಒಂಥರಾ ಗುಜರಿನೇ ಅನ್ನು."

"ಒಂಥರಾ ಅಂದ್ರೆ?"

ತಮ್ಮ ಗೇರ್ ಬದಲಿಸಿದ. ಬದಲಿಸಬೇಕಾದ ಅಗತ್ಯವೇನೂ ಇರಲಿಲ್ಲ. "ನನ್ನ ಮೊದಲನೇ ಬೈಕ್ ನೆನಪಿದ್ಯಾ? ಅದರ ಸೈಲೆನ್ಸರ್ ಕಳಚಿ ಬಿದ್ದಿತ್ತು. ಆ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜ್‌ನವರ ಹತ್ರ ಒಂದು ಒಳ್ಳೇ ಸೈಲೆನ್ಸರ್ ಇತ್ತು. ಅವರ ಮನೇಲಿ ಒಂದು ಹುಡುಗಿಗೆ ಕಂಪ್ಯೂಟರ್ ಹುಚ್ಚು ಅಂದ್ರು. ಅದಕ್ಕೆ…"

"ಸೈಲೆನ್ಸರ್‌ಗೆ," ಎಂದಳು ಅಕ್ಕ. "ನನ್ನ ಕಂಪ್ಯೂಟರ್ ಕೊಟ್ಟು ಸೈಲೆನ್ಸರ್ ತಂದ್ಯಾ?"

"ಒಳ್ಳೇ ಸೈಲೆನ್ಸರ್ ಅಕ್ಕಾ."

ಅವಳು ಬಯ್ಯಬೇಕೆಂದು ಬಾಯಿ ತೆರೆದಳು. ಆದರೆ ಗುಜರಿಗೆ ಹೋಗಿಲ್ಲ, ಕರಗಿಲ್ಲ, ಎಲ್ಲೋ ಒಂದು ಮನೆಯಲ್ಲಿ ಬದುಕಿತ್ತು ಎಂಬ ಸುದ್ದಿಗೆ ಬಯ್ಗುಳ ಅರ್ಧದಲ್ಲೇ ನಗುವಾಯಿತು. "ಬೇಗ ಓಡ್ಸೋ" ಎಂದಳು. "ಆಮೇಲೆ ಇದೆ ನಿಂಗೆ."

ಲೈಬ್ರರಿಯ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓದುವ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಅವುಗಳ ಮೇಲೆ ಕಂಪ್ಯೂಟರುಗಳನ್ನು ಇಟ್ಟಿದ್ದರು. ನೆಲದ ತುಂಬ ವೈರು. ಕಿತ್ತಳೆ ಬಣ್ಣದ ಅಕ್ಷರ ಮೂಡುವ ದಪ್ಪ ಪರದೆಯ ಮುಂದೆ ಒಬ್ಬ ಅಜ್ಜ ತನ್ನ ಹಳೇ ಆಫೀಸಿನ ಕಥೆಯನ್ನು ಯಾರು ಕೇಳುತ್ತಿದ್ದಾರೆಂದೂ ನೋಡದೆ ಹೇಳುತ್ತಿದ್ದ. ಮಗುವಿನ ಶಾಲಿನಲ್ಲಿ ಸುತ್ತಿ ತಂದಿದ್ದ ಲ್ಯಾಪ್‌ಟಾಪನ್ನು ಒಬ್ಬ ತಾಯಿ ಬಿಚ್ಚುತ್ತಿದ್ದಳು. ಇನ್ನೊಬ್ಬ ತನ್ನದರ ನೆತ್ತಿಯ ಮೇಲೆ ಅಂಗೈಯಿಂದ ಒಂದು ಏಟು ಕೊಟ್ಟು, "ಹೀಗೆ ಹೊಡೆದ್ರೇನೆ ಏಳೋದು, ನಮ್ಮ ಮಾವನ ಥರ" ಎನ್ನುತ್ತಿದ್ದ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಫ್ಲಾಪಿ ಓದುವ ಕರಕರ ಸದ್ದು ಕೇಳಿಸಿದ ಕಡೆಗೆ ಜನ ತಿರುಗಿ ಓಡುತ್ತಿದ್ದರು.

ಮಾತ್ರೆ ಅಕ್ಕ ಯಾವುದನ್ನೂ ನೋಡಲಿಲ್ಲ. ಕಿಟಕಿಯ ಬಳಿ, ಒಂದು ಪುಟ್ಟ ಟೀವಿ ಮತ್ತು ಕ್ಯಾಸೆಟ್ ಪ್ಲೇಯರಿನ ಪಕ್ಕದಲ್ಲಿ ಅದು ಇತ್ತು. ಕಂದು ಬಣ್ಣದ ಮರ, ದುಂಡಗಿನ ಮೂಲೆಗಳು, ಬಟ್ಟೆಯ ಜಾಲರಿ, ಎಡಗಡೆ ದಂತದ ಬಣ್ಣದ ಗುಂಡಿ. ಅದು ಇಷ್ಟು ಚಿಕ್ಕದಿತ್ತೇ?

ಅದರ ಹಿಂದೆ ಎಣ್ಣೆಗಪ್ಪಾದ ಉಗುರುಗಳ ಹೆಂಗಸೊಬ್ಬಳು ನಿಂತಿದ್ದಳು. ಲಿಫ್ಟ್ ರಿಪೇರಿ ಕಂಪನಿಯ ನೀಲಿ ಅಂಗಿ. ವಯಸ್ಸಿನಲ್ಲಿ ಅಕ್ಕನಿಗಿಂತ ಸ್ವಲ್ಪ ಕಿರಿಯಳು. ಅಕ್ಕ ಪೆಟ್ಟಿಗೆಯ ಮೇಲೆ ಕೈ ಇಡಲು ಹೋದಾಗ ಅವಳು ತನ್ನ ಕೈ ಅಡ್ಡ ತಂದಳು. ಒರಟಾಗಿ ಅಲ್ಲ, ಮಗುವಿನ ತೊಟ್ಟಿಲಿಗೆ ಅಡ್ಡ ಹಿಡಿಯುವಂತೆ.

"ಮುಟ್ಟಬೇಡಿ, ತುಂಬ ಹಳೇದು."

"ಗೊತ್ತು" ಎಂದಳು ಅಕ್ಕ. "ಇದು ನಮ್ಮದು."

"ನಂದು ಇದು. ನಾನು ಚಿಕ್ಕವಳಿದ್ದಾಗಿಂದ ನನ್ನ ಹತ್ರಾನೇ ಇದೆ."

"ಅದಕ್ಕೂ ಮುಂಚೆ ನನ್ನ ಹತ್ರ ಇತ್ತು. ನಮ್ಮಪ್ಪ ಮಾಡಿದ್ದು."

ಹೆಂಗಸಿನ ಮುಖ ಬಿಗಿದುಕೊಂಡಿತು. ಪಕ್ಕದಲ್ಲಿದ್ದವರು ಮಾತು ನಿಲ್ಲಿಸಿ ಇತ್ತ ತಿರುಗಿದರು. ತಮ್ಮ ಅಕ್ಕನ ಬೆನ್ನ ಹಿಂದೆ ಆದಷ್ಟು ತೆಳ್ಳಗಾಗಲು ನೋಡುತ್ತಿದ್ದ.

"ಕೆಳಗಿನ ಸಾಲಿನ ಕೊನೆಯ ಕೀಲಿ," ಎಂದಳು ಅಕ್ಕ. "ನೇರ ಒತ್ತಿದ್ರೆ ಬರಲ್ಲ."

ಲಿಫ್ಟಿನವಳ ಕಣ್ಣು ಅಗಲವಾಯಿತು. "ಎಡಕ್ಕೆ ವಾಲಿಸಿ ಒತ್ಬೇಕು," ಎಂದಳು ಮೆಲ್ಲಗೆ. "ಅದು ನನಗೆ ಮಾತ್ರ ಗೊತ್ತು ಅಂದ್ಕೊಂಡಿದ್ದೆ."

"ನನಗೆ ಮಾತ್ರ ಗೊತ್ತು ಅಂತ ನಾನೂ ಅಂದ್ಕೊಂಡಿದ್ದೆ."

ಅಲ್ಲಿಂದ ಮುಂದೆ ಇಬ್ಬರನ್ನೂ ಹಿಡಿಯುವವರಿಲ್ಲ. ಬಿಸಿಯಾದರೆ ಮರದ ವಾಸನೆ ಬರುತ್ತಲ್ವಾ ಎಂದು ಒಬ್ಬಳು, ಕ್ಯಾಸೆಟ್ ಓಡುವಾಗ ಉಸಿರು ಬಿಗಿ ಹಿಡಿದಿರ್ತಿದ್ದೆ ಎಂದು ಇನ್ನೊಬ್ಬಳು. ಪರದೆಯ ಮೇಲೆ ಒಂದು ಚೌಕವನ್ನು ಮೇಲೆ ಕೆಳಗೆ ಓಡಿಸಿ, ಅದಕ್ಕೆ ಮಹಡಿಗಳ ನಂಬರ್ ಕೊಟ್ಟು ಆಡುತ್ತಿದ್ದೆನೆಂದೂ, ಆ ಆಟದಿಂದಲೇ ತನಗೆ ಲಿಫ್ಟಿನ ಗೀಳು ಹತ್ತಿತೆಂದೂ ಲಿಫ್ಟಿನವಳು ಹೇಳಿದಳು. ಗಲ್ಲಾಪೆಟ್ಟಿಗೆ, ಫ್ರಿಜ್ಜು, ಮೋಟಾರು ಯಾವುದನ್ನೂ ಬಿಚ್ಚದೆ ಬಿಟ್ಟವಳಲ್ಲ. ಇದನ್ನು ಮಾತ್ರ ಒಂದು ಸಲವೂ ಬಿಚ್ಚಿಲ್ಲ. "ಬಿಚ್ಚಿ ಮತ್ತೆ ಶುರು ಆಗ್ದಿದ್ರೆ? ಅದಕ್ಕೇ ಹೆದರಿಕೆ."

"ಇದಕ್ಕೆ ನಿಮ್ಮ ಮನೇಲಿ ಏನಾದ್ರೂ ಹೆಸರಿತ್ತಾ?" ಎಂದಳು ಅಕ್ಕ.

"ಮೌನಿ ಅಂತ."

"ಮೌನಿನಾ? ಯಾಕೆ?"

"ಯಾಕೆ ಅಂದ್ರೆ, ಬೇರೆ ಕಂಪ್ಯೂಟರ್ ಎಲ್ಲ ಪೀಂ ಪೀಂ ಅಂತವೆ. ಇದು ತುಟಿ ಪಿಟಕ್ಕನ್ನಲ್ಲ. ಸೈಲೆನ್ಸರ್ ಕೊಟ್ಟು ತಂದಿದ್ದಕ್ಕೆ ಹೀಗಾಯ್ತು ಅಂತ ಗ್ಯಾರೇಜ್ ಇಟ್ಟಿದ್ದ ನಮ್ಮ ಮಾವ ತಮಾಷೆ ಮಾಡೋರು."

ಅಕ್ಕ ತಮ್ಮನ ಕಡೆ ತಿರುಗಿದಳು. ತಮ್ಮ ಛಾವಣಿಯ ಫ್ಯಾನು ನೋಡುತ್ತಿದ್ದ.

"ಕ್ಯಾಸೆಟ್‌ನಲ್ಲಿ ಮೀನು ಹಿಡಿಯೋ ಆಟ ಇತ್ತಲ್ಲ, ಇದ್ಯಾ ಇನ್ನೂ?" ಎಂದು ಕೇಳಿದಳು ಅಕ್ಕ.

"ಅದಿಲ್ದೆ ಹೇಗೆ? ನಿಮ್ಮ ಕ್ಯಾಸೆಟ್ಟೇ ಇದೆ. ಅದೊಂದೇ ಆಟ ನನಗೆ ತುಂಬ ಇಷ್ಟ. ಒಂದು ವಿಚಿತ್ರ ಅಂದ್ರೆ, ಮೀನು ಹಿಡಿದ ತಕ್ಷಣ ಕಂಪ್ಯೂಟರ್ ಸ್ವಲ್ಪ ಹೊತ್ತು ಹಾಗೇ ನಿಂತುಬಿಡುತ್ತೆ. ಏನು ಒತ್ತಿದ್ರೂ ಅಲ್ಲಾಡಲ್ಲ. ಆಮೇಲೆ ತಾನೇ ಮುಂದಕ್ಕೆ ಹೋಗುತ್ತೆ. ಪಾಪ, ದಣಿವಾರಿಸಿಕೊಳ್ತಿದೆ ಅಂದ್ಕೊಳ್ತಿದ್ದೆ."

ಮಾತ್ರೆ ಅಕ್ಕ, "ಹಾಕಿ. ಆಟ ಹಾಕಿ" ಎಂದಳು.

ಕ್ಯಾಸೆಟ್ ತಿರುಗಿತು. ಪರದೆಯ ಮೇಲೆ ಗೆರೆಗಳು ಓಡಿದವು. ಲಿಫ್ಟಿನವಳು ಉಸಿರು ಬಿಗಿ ಹಿಡಿದಳು, ಅಕ್ಕನೂ ಹಿಡಿದಳು. ಕೊನೆಗೆ ನೀಲಿ ನೀರು ಮೂಡಿ, ಚೌಕಗಳಿಂದಲೇ ಮಾಡಿದ ಮೀನೊಂದು ಅಡ್ಡ ಹಾದುಹೋಯಿತು. ಲಿಫ್ಟಿನವಳು ಆಡಲು ಕೂತಳು. ಮೀನು ಗಾಳದ ಹತ್ತಿರ ಬರುತ್ತಿದ್ದಂತೆ ಅಕ್ಕ ಬಗ್ಗಿ ಎಡಗಡೆಯ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದಳು.

"ಅದನ್ನ ಎಷ್ಟು ತಿರುಗಿಸಿದ್ರೂ ಏನೂ ಆಗಲ್ಲ," ಎಂದಳು ಲಿಫ್ಟಿನವಳು. "ಸುಮ್ನೆ ಶೋಕಿಗೆ ಇಟ್ಟಿದ್ದಾರೆ."

"ತಿರುಗಿಸಬಾರದು. ಎಳೀಬೇಕು."

ಅಕ್ಕ ಎಳೆದಳು. ಒಳಗೆಲ್ಲೋ ಟಿಕ್ ಎಂದಿತು. ಮೀನು ಗಾಳಕ್ಕೆ ಸಿಕ್ಕಿತು.

ಬಟ್ಟೆಯ ಜಾಲರಿಯ ಹಿಂದಿನಿಂದ, ರೇಡಿಯೋದ ಹಳೇ ಸ್ಪೀಕರಿನಿಂದ, ಒಂದು ಹಾಡು ಎದ್ದಿತು. ಮೊದಲಿಗೆ ಗೊರಗೊರ ಎಂದು, ಧೂಳು ಕೊಡವಿಕೊಂಡಂತೆ, ಆಮೇಲೆ ಸ್ಪಷ್ಟವಾಗಿ. ಸಣ್ಣ ಹಾಡು. ಏರಿ, ಒಂದು ಕಡೆ ಎಡವಿ, ಮತ್ತೆ ಎದ್ದು ಓಡುವಂಥದ್ದು. ಹಾಡು ಮುಗಿಯುವವರೆಗೂ ಪರದೆ ಅಲ್ಲಾಡದೆ ನಿಂತಿತ್ತು. ಮುಗಿದ ಮೇಲೆ ಇನ್ನೊಂದು ಮೀನು ಬಂತು.

ಲಿಫ್ಟಿನವಳು ಎರಡೂ ಕೈಗಳನ್ನು ಬಾಯಿಯ ಮೇಲೆ ಇಟ್ಟುಕೊಂಡಿದ್ದಳು. "ಹಾಡ್ತಾ ಇತ್ತಾ?" ಎಂದಳು. "ಅಷ್ಟು ವರ್ಷ ಅದು ಹಾಡ್ತಾ ಇತ್ತಾ?"

"ಪ್ರತೀ ಮೀನಿಗೂ."

"ನಾನು ಸುಸ್ತಾಗಿದೆ ಅಂದ್ಕೊಂಡು ಫ್ಯಾನ್ ಹಾಕ್ತಿದ್ದೆ ಇದಕ್ಕೆ."

ಅಕ್ಕ ನಕ್ಕಳು, ಅವಳೂ ನಕ್ಕಳು, ಇಬ್ಬರ ಕಣ್ಣಲ್ಲೂ ನೀರು. ನಗುವಿನ ನಡುವೆಯೇ ಅಕ್ಕ ವಿವರಿಸಿದಳು. ಅಮ್ಮ ಯೂನಿಫಾರ್ಮ್ ಇಸ್ತ್ರಿ ಮಾಡುವಾಗ ಗುನುಗುತ್ತಿದ್ದ ರಾಗ ಅದು. ಅಕ್ಕನೇ ಅದನ್ನು ಒಂದೊಂದು ಸ್ವರವಾಗಿ ಕಂಪ್ಯೂಟರಿಗೆ ಕಲಿಸಿದ್ದಳು. ಆದರೆ ಅಮ್ಮ ಹಗಲು ಮಲಗಬೇಕಲ್ಲ. ಅಪ್ಪ ಸದ್ದು ನಿಲ್ಲಿಸಲು ಆ ಗುಂಡಿಯ ಹಿಂದೆ ಸ್ವಿಚ್ ಕೂರಿಸಿ, ಮಗಳಿಗೆ ಮಾತ್ರ ಹೇಳಿದ್ದರು. ಮಗನಿಗೆ ಹೇಳಿದರೆ ಅಮ್ಮನ ನಿದ್ದೆ ಗೋವಿಂದ ಎಂದು ಅವರಿಗೆ ಗೊತ್ತಿತ್ತು.

"ಅಂದ್ರೆ ಮೂಡ್ ಬಂದಾಗ ಹಾಡುತ್ತೆ ಅಂತ ನೀನು ಹೇಳ್ತಿದ್ದಿದ್ದು?" ಎಂದ ತಮ್ಮ.

"ಸುಳ್ಳು."

"ನಾನು ಅದನ್ನ ಎತ್ಕೊಂಡು ಹೋಗಿದ್ದು ಮಧ್ಯಾಹ್ನ. ಅಮ್ಮ ಮಲಗಿದ್ರು."

"ಅದಕ್ಕೇ ಮೌನಿಯಾಗಿ ಹೋಯ್ತು," ಎಂದಳು ಲಿಫ್ಟಿನವಳು. ಆಗ ಅವಳು ತಮ್ಮನನ್ನು ಸರಿಯಾಗಿ ನೋಡಿದಳು. "ಓ, ಸೈಲೆನ್ಸರ್ ಅಣ್ಣ ನೀವೇನಾ?"

ಸುತ್ತ ಸೇರಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೊಮ್ಮೆ ಹಾಕಿ, ಮತ್ತೊಮ್ಮೆ ಹಾಕಿ ಎಂದರು. ಕಿತ್ತಳೆ ಪರದೆಯ ಅಜ್ಜ ಕೂಡ ಕಥೆ ಬಿಟ್ಟು ಬಂದು ಒಂದು ಮೀನು ಹಿಡಿದ.

ಅಂಗಡಿಯಿಂದ ಹೊರಟಾಗ ಅಕ್ಕನ ತಲೆಯಲ್ಲಿದ್ದದ್ದು ಒಂದೇ: ಹೇಗಾದರೂ ಮಾಡಿ ಅದನ್ನು ಮನೆಗೆ ತರುವುದು. ಈಗ ಲಿಫ್ಟಿನವಳು ತಾನಾಗಿಯೇ ವೈರು ಸುತ್ತಿ, "ತಗೊಂಡು ಹೋಗಿ. ನಿಮ್ಮಪ್ಪ ಮಾಡಿದ್ದು" ಎಂದಾಗ ಅವಳಿಗೆ ಆ ವೈರನ್ನು ಹಿಡಿಯಲು ಕೈ ಬರಲಿಲ್ಲ. ಇಷ್ಟು ವರ್ಷ ಮಾತೇ ಆಡದ ಪೆಟ್ಟಿಗೆಯನ್ನು ಇವಳು ಇಷ್ಟೊಂದು ಹಚ್ಚಿಕೊಂಡಿದ್ದಳು. ತನಗಾದರೆ ಅದು ಹಾಡಿ ಹಾಡಿ ರಮಿಸಿತ್ತು.

"ನೀವೂ ಬನ್ನಿ," ಎಂದಳು ಅಕ್ಕ. "ಅಪ್ಪನಿಗೆ ತೋರ್ಸೋಣ. ಆಮೇಲೆ ನಿಮ್ಮ ಮನೆಗೇ ಬಿಟ್ಟು ಬರ್ತೀವಿ. ನಾನು ಆಗಾಗ ಆಡೋಕೆ ಬಂದ್ರೆ ಬೈಬಾರದು."

ವ್ಯಾನಿನಲ್ಲಿ ಪೆಟ್ಟಿಗೆಯನ್ನು ಇಬ್ಬರೂ ತೊಡೆಯ ಮೇಲೆ ಹಂಚಿಕೊಂಡು ಕೂತರು.

ಅಪ್ಪ ಬಾಗಿಲಲ್ಲೇ ಅದನ್ನು ನೋಡಿದರು. ಕನ್ನಡಕ ಹುಡುಕಲು ಒಳಗೆ ಹೋದವರು ಕನ್ನಡಕದ ಜೊತೆ ಸ್ಕ್ರೂಡ್ರೈವರನ್ನೂ ತಂದರು. "ಬಿಚ್ಚಲಾ?" ಎಂದು ಕೇಳಿದ್ದು ಮಗಳನ್ನಲ್ಲ, ಲಿಫ್ಟಿನವಳನ್ನು.

ಅವಳು ಪೆಟ್ಟಿಗೆಯ ಮೇಲಿದ್ದ ಕೈ ತೆಗೆದಳು. "ನೀವಾದ್ರೆ ಬಿಚ್ಚಿ."

ಹಿಂದಿನ ಹಲಗೆ ತೆಗೆದಾಗ ಅಪ್ಪ, ಲಿಫ್ಟಿನವಳು ಇಬ್ಬರೂ ತಲೆಗೆ ತಲೆ ತಾಗಿಸಿ ಒಳಗೆ ಇಣುಕಿದರು. ಈ ಬೆಸುಗೆ ಒರಟಾಗಿದೆ ಎಂದಳು ಅವಳು. ಅದು ನನ್ನ ಮಗಳು ಹಾಕಿದ್ದು ಎಂದರು ಅಪ್ಪ. ನಾನು ಹಾಕಿದ್ದು ಒಂದೇ, ಅದೂ ಆ ಕಡೆಯದು ಎಂದು ಅಕ್ಕ ಜಗಳಕ್ಕೆ ನಿಂತಳು. ಧೂಳು ಒರೆಸಿ, ಸಡಿಲವಾಗಿದ್ದ ಒಂದು ತಂತಿ ಬಿಗಿದು, ಎಲ್ಲವನ್ನೂ ಮುಚ್ಚಿ, ಮನೆಯ ಟೀವಿಗೆ ಜೋಡಿಸಿ ಮೀನಿನ ಆಟ ಹಾಕಿದರು.

ಹಾಡು ಕೇಳಿ ಅಮ್ಮ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ನಿವೃತ್ತರಾದ ಮೇಲೆ ಅವರಿಗೆ ಹಗಲು ನಿದ್ದೆಯ ಅಭ್ಯಾಸವೇ ತಪ್ಪಿಹೋಗಿತ್ತು.

"ಇದು ನಾನು ಗುನುಗೋದಲ್ವೇನೇ?"

"ಹೂಂ ಅಮ್ಮ."

"ನನಗೆ ಯಾಕೆ ಯಾರೂ ಹೇಳಲಿಲ್ಲ?"

ಅಮ್ಮ ಕುರ್ಚಿ ಎಳೆದುಕೊಂಡು ಕೂತು, ಯಾವ ಕೀಲಿ ಒತ್ತಬೇಕೆಂದು ಕೇಳಿ ತಿಳಿದುಕೊಂಡರು. ಮೊದಲ ಮೀನು ತಪ್ಪಿತು. ಎರಡನೆಯದು ಸಿಕ್ಕಿತು. ಹಾಡು ಬರುವಷ್ಟು ಹೊತ್ತೂ ಅವರು ತಲೆದೂಗುತ್ತ ಕೂತಿದ್ದರು. ಆಮೇಲೆ ಮೂರನೆಯದಕ್ಕೆ ಕಾದರು. ಸ್ವಲ್ಪ ಹೊತ್ತಿಗೆ ತಮ್ಮ, "ಅಮ್ಮಾ, ನನಗೂ ಒಂದು ಸಲ" ಎಂದು ಪಕ್ಕದಿಂದ ಕೈ ಚಾಚಿದ. ಅಮ್ಮ ಪರದೆಯಿಂದ ಕಣ್ಣು ಕೀಳದೆ ಅವನ ಕೈಯನ್ನು ಆಚೆ ತಳ್ಳಿದರು.

"ಸುಮ್ನಿರೋ. ಮೀನು ಬರ್ತಿದೆ."