ತಮ್ಮಣ್ಣೆಪ್ಪನಿಗೆ ಕೇಳುತ್ತಿದ್ದ ಸೈಲೆನ್ಸರ್

ನಾನು ಒಂದು ಸೈಲೆನ್ಸರ್. ಹೆಸರು ಕೇಳಿ ಮೋಸಹೋಗಬೇಡಿ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಕಂಪನಿಯವರು ಮೋಟಾರ್ ಸೈಕಲ್ಲಿಗೆ ಹುಟ್ಟಿನಿಂದಲೇ ಕೊಡುವ ಸೈಲೆನ್ಸರುಗಳು ಬೇರೆ. ಅವುಗಳ ಹೊಟ್ಟೆಯಲ್ಲಿ ಕೋಣೆಗಳಿರುತ್ತವೆ, ಕೋಣೆಗೂ ಕೋಣೆಗೂ ನಡುವೆ ಅಡ್ಡಗೋಡೆ. ಎಂಜಿನ್ನಿನ ಅಬ್ಬರ ಆ ಗೋಡೆಗಳಿಗೆಲ್ಲ ಹಣೆ ಚಚ್ಚಿಕೊಂಡು, ಸುಸ್ತಾಗಿ, ಸಾಧುವಾಗಿ ಹೊರಗೆ ಬರುತ್ತದೆ. ನಾನು ಆ ಜಾತಿಯವನಲ್ಲ. ಕೊಲ್ಲಾಪುರದ ಹೊರವಲಯದ ಒಂದು ತಗಡಿನ ಶೆಡ್ಡಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಸ್ಟೀಲಿನ ಹಾಳೆ ಸುತ್ತಿ, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಒಳಗೆ ತೂತುತೂತಾದ ಒಂದೇ ನೇರ ಕೊಳವೆ, ಅದರ ಸುತ್ತ ಒಂದಿಷ್ಟು ಗಾಜಿನ ಹತ್ತಿ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ನಾನು ಯಾರೂ ತುಂಬದೆ ಬಿಟ್ಟ ಕೊಡ.

ಹುಟ್ಟಿದ ದಿನವೇ ಪರೀಕ್ಷೆಗೆಂದು ನನ್ನನ್ನು ಒಂದು ಎಂಜಿನ್ನಿಗೆ ಕಟ್ಟಿದರು. ನನ್ನ ದನಿ ಕೇಳಿ ಅಣ್ಣ ತಲೆದೂಗಿದ. ತಮ್ಮ ಖುಷಿಯಲ್ಲಿ ನನ್ನ ಬೆನ್ನು ತಟ್ಟಲು ಬಂದು ಅಂಗೈ ಸುಟ್ಟುಕೊಂಡ. ಆಮೇಲೆ ಅವನು ನನ್ನನ್ನು ಇಕ್ಕಳದಲ್ಲಿ ಹಿಡಿದೇ ಮೂಲೆಗೆ ಸರಿಸಿದ. ನನ್ನ ಬದುಕು ಹೀಗೆಯೇ ಇರುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ನಾನು ದನಿಯೆತ್ತಿದರೆ ಕಾಯುತ್ತೇನೆ, ಕಾದರೆ ಯಾರೂ ನನ್ನನ್ನು ಮುಟ್ಟಲಾರರು.

ನನ್ನ ಮೊದಲ ಒಡೆಯ ನಿಪ್ಪಾಣಿಯ ತಂಬಾಕು ವ್ಯಾಪಾರಿಯ ಮಗ ಧೈರ್ಯಶೀಲ. ಅವನಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಹೋಗುವುದನ್ನು ನಾಲ್ಕು ಜನ ನೋಡಬೇಕಾಗಿತ್ತು. ಚೌಕಕ್ಕೆ ಬಂದೊಡನೆ ಆಕ್ಸಿಲರೇಟರ್ ತಿರುವುತ್ತಿದ್ದ, ನಾನು ಅಬ್ಬರಿಸುತ್ತಿದ್ದೆ, ಜನ ತಿರುಗಿ ನೋಡುತ್ತಿದ್ದರು. ಆ ನೋಟದಲ್ಲಿ ಮೆಚ್ಚುಗೆ ಇದೆಯೆಂದು ಅವನು ತಿಳಿದಿದ್ದ. ನಾನು ಹಿಂದೆ ಇದ್ದವನು, ಅವನು ದಾಟಿ ಹೋದ ಮೇಲಿನ ಮುಖಗಳನ್ನು ನೋಡುತ್ತಿದ್ದೆ. ಒಂದರಲ್ಲೂ ಮೆಚ್ಚುಗೆ ಇರಲಿಲ್ಲ.

ಕೊನೆಗೆ ಗೆಳೆಯನ ಮದುವೆಯ ಮೆರವಣಿಗೆಯಲ್ಲಿ ಅವನು ಮದುಮಗನ ಕುದುರೆಯ ಹಿಂದೆಯೇ ಬಂದು ನನ್ನಿಂದ ಪಟಾಕಿಯಂಥ ಸಿಡಿತ ಹೊರಡಿಸಿದ. ಕುದುರೆ ಬೆದರಿ ಓಡಿತು. ಮದುಮಗ ಬ್ಯಾಂಡಿನವರ ಕೈಗಾಡಿಯ ಮೇಲೆ ಬಿದ್ದ. ಬಾಸಿಂಗ ಕಿತ್ತುಹೋಯಿತು, ಪುಣ್ಯಕ್ಕೆ ಎಲುಬು ಉಳಿಯಿತು. ಮರುದಿನ ತಂಬಾಕು ವ್ಯಾಪಾರಿ ಮಗನ ಎದುರೇ ನನ್ನನ್ನು ಕಳಚಿಸಿ ಹಳೆ ಸಾಮಾನಿನವನಿಗೆ ಕೊಡಿಸಿದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆದರೆ ಶಿಕ್ಷೆಯಾದದ್ದು ಬೆಕ್ಕಿಗೂ ಅಲ್ಲ, ಇಲಿಗೂ ಅಲ್ಲ, ನನಗೆ.

ಕೈಯಿಂದ ಕೈಗೆ ಬಂದು ನಾನು ಸೇರಿದ್ದು ಕೃಷ್ಣೆಯ ಈಚೆಯ ಒಂದು ಮಗ್ಗದ ಊರನ್ನು, ಅಲ್ಲಿನ ಮೆಕ್ಯಾನಿಕ್ ದಸ್ತಗೀರನ ಗ್ಯಾರೇಜನ್ನು. ಅವನು ನನ್ನನ್ನು ಗೋಡೆಯ ಮೊಳೆಗೆ ನೇತುಹಾಕಿದ. ಬಂದವರು ನನ್ನನ್ನು ನೋಡಿ ನಗುತ್ತಿದ್ದರು, ಬೆಲೆ ಕೇಳುತ್ತಿದ್ದರು, ಹೋಗುತ್ತಿದ್ದರು. ನನ್ನೊಳಗೆ ಹಲ್ಲಿಯೊಂದು ಸಂಸಾರ ಹೂಡಿತು. ಊರಿನಲ್ಲಿ ಹಗಲೆಲ್ಲ ಪವರ್‌ಲೂಮುಗಳ ಖಟಖಟ, ಅದರ ನಡುವೆ ನಾನೊಬ್ಬನೇ ಮೂಕ. ಅಷ್ಟು ಸದ್ದಿನ ನಡುವೆ ಅಷ್ಟು ಒಂಟಿಯಾಗಿ ಇರಬಹುದು ಎಂದು ನಾನು ಎಣಿಸಿರಲಿಲ್ಲ.

ಒಂದು ಬೆಳಿಗ್ಗೆ ಶ್ರೀಶೈಲ ಎಂಬುವನು ತನ್ನ ಬೈಕಿನ ಬ್ರೇಕ್ ಸರಿಮಾಡಿಸಲು ಬಂದ. ನೇಯ್ದ ಸೀರೆಗಳ ಗಂಟನ್ನು ಬೈಕಿಗೆ ಕಟ್ಟಿಕೊಂಡು ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸ. ಜೊತೆಗೆ ಅವನ ಅಪ್ಪ ತಮ್ಮಣ್ಣೆಪ್ಪ ಇದ್ದ. ಬಡಕಲು ಮನುಷ್ಯ, ಜೀವಮಾನವೆಲ್ಲ ಮಗ್ಗದ ಮುಂದೆ ನಿಂತವನು, ಬಲಗೈ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಬೆಂಚಿನ ಮೇಲೆ ಕುಳಿತು ಗೋಡೆ ನೋಡುತ್ತಿದ್ದ. ದಸ್ತಗೀರ ಮಾತನಾಡಿಸಿದ, ಉತ್ತರ ಬರಲಿಲ್ಲ. ಶ್ರೀಶೈಲ ದನಿ ತಗ್ಗಿಸಿ ನಡೆದದ್ದನ್ನು ಹೇಳಿದ. ಅಪ್ಪನ ಕಿವಿ ಹೋಗಿತ್ತು. ಮಗ್ಗದವರು ಹಿಂದಿನಿಂದ ಬಂದು ನೇಕಾರನನ್ನು ಮುಟ್ಟುವುದಿಲ್ಲ, ಎದುರಿಗೆ ಬಂದು ಕೈಯೆತ್ತಿ ಸನ್ನೆ ಮಾಡುತ್ತಾರೆ. ಆದರೆ ಇವರ ಮನೆಯಲ್ಲಿ ಬಾಗಿಲು ಇರುವುದು ತಮ್ಮಣ್ಣೆಪ್ಪನ ಬೆನ್ನ ಹಿಂದೆ, ಎದುರಿಗೆ ಬರೋಣವೆಂದರೆ ಮಗ್ಗದ ಆಚೆ ಗೋಡೆ. ಹೋದ ವಾರ ಶ್ರೀಶೈಲ ಅವಸರದಲ್ಲಿ ಅಪ್ಪನ ಹೆಗಲು ಮುಟ್ಟಿದ್ದ. ಮುದುಕ ಬೆಚ್ಚಿಬಿದ್ದ, ಕೈ ಲಾಳಿಗೆ ಸಿಕ್ಕಿತು. ಇನ್ನೊಮ್ಮೆ ಹೀಗಾದರೆ ಬೆರಳೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಿವಿಯ ಮಶೀನು ತಂದುಕೊಟ್ಟರೆ ಅದು ಮಗ್ಗದ ಸದ್ದನ್ನೇ ಎರಡರಷ್ಟು ಮಾಡಿ ತಲೆಗೆ ಬಡಿಯಿತಂತೆ. ಈಗ ಅದು ಡಬ್ಬಿಯಲ್ಲಿದೆ.

ಅಷ್ಟರಲ್ಲಿ ಯಾರೋ ಗಿರಾಕಿ ಬಂದ, ನನ್ನ ದನಿ ಕೇಳಬೇಕೆಂದ. ದಸ್ತಗೀರ ಹಲ್ಲಿಯನ್ನು ಓಡಿಸಿ, ನನ್ನನ್ನು ಅಲ್ಲಿದ್ದ ಬೈಕಿಗೆ ತಗುಲಿಸಿ ಕಿಕ್ ಹೊಡೆದ. ಎಷ್ಟೋ ಕಾಲದ ಮೇಲೆ ನಾನು ಬಾಯಿಬಿಟ್ಟೆ. ಗಿರಾಕಿ ಕಿವಿ ಮುಚ್ಚಿಕೊಂಡು ಬೇಡವೆಂದ. ಬೆಂಚಿನ ಮೇಲಿದ್ದ ತಮ್ಮಣ್ಣೆಪ್ಪ ಮಾತ್ರ ನಿಧಾನವಾಗಿ ತಲೆ ತಿರುಗಿಸಿ ನನ್ನನ್ನು ನೋಡಿದ. ಮಗ್ಗದ ಚೂಪು ಸದ್ದು ಅವನ ಕಿವಿಯ ಮೇಲ್ಪದರವನ್ನೆಲ್ಲ ತಿಂದುಹಾಕಿತ್ತು, ತಳದಲ್ಲಿ ಎಲ್ಲೋ ಗಡಸು ದನಿಗೆ ಒಂದಿಷ್ಟು ಜಾಗ ಉಳಿದಿತ್ತು.

"ಏನೋ ಕೇಳಿಸ್ತಲ್ಲೊ ಶ್ರೀಶೈಲ," ಎಂದ.

ದಸ್ತಗೀರ ಒಳ್ಳೆಯ ಮನುಷ್ಯ, ಮಾರುವ ಮೊದಲು ಬುದ್ಧಿ ಹೇಳುವ ಚಾಳಿ ಇತ್ತು. ನನ್ನ ಗುಣಗಳನ್ನು ಹೇಳಿದ: ಕಂಪನಿಯದಕ್ಕಿಂತ ಹಗುರ, ಓಟದಲ್ಲಿ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ, ಹೆದ್ದಾರಿಯಲ್ಲಿ ಲಾರಿಯವನಿಗೆ ನೀನಿರುವುದು ಗೊತ್ತಾಗುತ್ತದೆ. ಆಮೇಲೆ ದೋಷಗಳಿಗೆ ಬಂದ, ಅವು ಬೇಗ ಮುಗಿಯಲಿಲ್ಲ. ನಿಧಾನದಲ್ಲಿ ಎಳೆತ ಕಡಿಮೆ, ಗಂಟು ಹೊತ್ತು ಏರು ಹತ್ತುವಾಗ ತಿಣುಕುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕಾರ್ಬುರೇಟರ್ ಮತ್ತೆ ಹೊಂದಿಸಬೇಕು. ಓಣಿಯವರು ಬೈಯುತ್ತಾರೆ, ಪೋಲೀಸರು ಹಿಡಿಯುತ್ತಾರೆ, ದಿನಾ ಕೇಳಿ ಕೇಳಿ ನಿನ್ನ ಕಿವಿಯೂ ಹೋಗುತ್ತದೆ.

"ಹಾಕ್ಕೊಂಡವರೆಲ್ಲಾ ನಾಕ ದಿನಕ್ಕ ತಗದ ಬಿಡು ಅಂತ ವಾಪಸ್ ಬರತಾರ," ಎಂದ ದಸ್ತಗೀರ.

"ನಮ್ಮಪ್ಪನ ಬೆರಳು ಉಳದ್ರ ಸಾಕು. ಹಾಕು," ಎಂದ ಶ್ರೀಶೈಲ.

ಅಲ್ಲಿಂದ ಶುರುವಾದದ್ದು ನನ್ನ ಒಳ್ಳೆಯ ಕಾಲ. ಫರಸಿಕಲ್ಲು ಹಾಸಿದ ಇಕ್ಕಟ್ಟಾದ ಓಣಿ, ಎರಡೂ ಕಡೆ ಮಗ್ಗದ ಮನೆಗಳು. ಓಣಿಯ ಬಾಯಿಗೆ ಬರುತ್ತಲೇ ನನ್ನ ದನಿ ಕಲ್ಲಿಗಿಳಿದು ತಮ್ಮಣ್ಣೆಪ್ಪನ ಅಂಗಾಲಿಗೆ, ಅಲ್ಲಿಂದ ಕಿವಿಗೆ ಮುಟ್ಟುತ್ತಿತ್ತು. ನಾವು ಬಾಗಿಲಿಗೆ ಬರುವ ಹೊತ್ತಿಗೆ ಮಗ್ಗ ನಿಂತಿರುತ್ತಿತ್ತು. ಅವನು ಈ ಕಡೆ ತಿರುಗಿ, ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ ನಗುತ್ತಿದ್ದ. ಬೆರಳಿನ ಗಾಯ ಮಾಯಿತು. ಅವನಿಗೆ ಮಗನ ಮಾತು ಕೇಳುತ್ತಿರಲಿಲ್ಲ, ತನ್ನ ಮಗ್ಗ ಕೂಡ ಕೇಳುತ್ತಿರಲಿಲ್ಲ. ಲೋಕದಲ್ಲಿ ಅವನಿಗೆ ಕೇಳುತ್ತಿದ್ದದ್ದು ನಾನೊಬ್ಬನೇ. ಊರಿಗೆ ಊರೇ ನನ್ನನ್ನು ಶಪಿಸುವಾಗ ಒಬ್ಬ ಮುದುಕ ನನಗಾಗಿ ಕಾಯುತ್ತಿದ್ದ. ಒಮ್ಮೆ ಅವನು ಪ್ರೀತಿಯಿಂದ ನನ್ನ ಮೇಲೆ ಕೈಯಿಡಲು ಬಂದ. ಶ್ರೀಶೈಲ ಗಾಬರಿಯಾಗಿ ಆ ಕೈ ಹಿಡಿದೆಳೆದ. ಎಳೆದದ್ದು ಸರಿಯೇ, ಆದರೂ ನನಗೆ ಬೇಸರವಾಯಿತು.

ಎದುರು ಮನೆಯ ದಾನಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗ್ಗದ ಊರಿನ ಕೂಸುಗಳ ಸ್ವಭಾವವೇ ಬೇರೆ, ಅವು ಮಗ್ಗದ ಸದ್ದಿಗೆ ಮಲಗುತ್ತವೆ, ಕರೆಂಟು ಹೋಗಿ ಸದ್ದು ನಿಂತರೆ ಎದ್ದು ಅಳುತ್ತವೆ. ಆ ಕೂಸು ಮಾತ್ರ ನಾನು ಬಂದಾಗಲೂ ಎದ್ದು ಕಿಟಾರನೆ ಕಿರುಚಿ ಅಳುತ್ತಿತ್ತು. ದಾನಮ್ಮ ಬಾಗಿಲಿಗೆ ಬಂದು ಎರಡು ಸಲ ಮೆತ್ತಗೆ ಹೇಳಿದಳು, ಮೂರನೆಯ ಸಲ ಜೋರಾಗಿ ಹೇಳಿದಳು. ಶ್ರೀಶೈಲ ತಲೆ ತಗ್ಗಿಸಿ ಹೂಂ ಅಂದನೇ ಹೊರತು ಕಾರಣ ಹೇಳಲಿಲ್ಲ. ಆ ಓಣಿಯಲ್ಲಿ ಕಿವುಡುತನದ ಮಾತನ್ನು ಯಾರೂ ಆಡುವುದಿಲ್ಲ. ಕಿವಿ ಹೋದವನ ಕೈಯೂ ಹೋಯಿತೆಂದು ತಿಳಿದು ಸಾವಕಾರ ನೂಲು ಕೊಡುವುದನ್ನು ನಿಲ್ಲಿಸುತ್ತಾನೆಂಬ ಹೆದರಿಕೆ. ಹಾಗಾಗಿ ಎಲ್ಲರ ಮನೆಯಲ್ಲೂ ಕಿವುಡರು, ಆದರೆ ಕೇಳಿದರೆ ಒಬ್ಬನೂ ಇಲ್ಲ. ದಾನಮ್ಮ ಠಾಣೆಗೆ ಹೋಗಿ ದೂರು ಕೊಟ್ಟಳು. ನಾನು ಅವಳನ್ನು ತಪ್ಪೆನ್ನಲಾರೆ, ಕೂಸಿನ ನಿದ್ದೆ ದೊಡ್ಡದು.

ಬಸ್ ನಿಲ್ದಾಣದ ಹತ್ತಿರ ಪೋಲೀಸರು ನಮ್ಮನ್ನು ನಿಲ್ಲಿಸಿದರು. ಠಾಣೆಯ ಸಾಹೇಬರಿಗೆ ಮಾತ್ರ ಶ್ರೀಶೈಲ ನಿಜ ಹೇಳಿದ. ಅವರು ಕೊನೆಯತನಕ ಕೇಳಿಸಿಕೊಂಡರು, ಬೈಯಲಿಲ್ಲ.

"ನಿಮ್ಮಪ್ಪಗ ಕೇಳಸಬೇಕಂತ ಊರಿಗೆಲ್ಲಾ ಕೇಳಸೂದು ಸರಿ ಏನಪಾ? ನೀನ ಹೇಳು," ಎಂದರು.

ಶ್ರೀಶೈಲ ಸೀರೆಯ ಗಂಟನ್ನು ಬೈಕಿನಿಂದ ಇಳಿಸಿ ಪಕ್ಕಕ್ಕಿಟ್ಟ. ಅಲ್ಲೇ ರಸ್ತೆಯ ಬದಿಯಲ್ಲಿ ನನ್ನನ್ನು ಬಿಚ್ಚಿದರು.

ಠಾಣೆಯ ಹಿತ್ತಲಲ್ಲಿ ನನ್ನಂಥವರ ರಾಶಿಯೇ ಇತ್ತು. ಒಂದೊಂದೂ ಊರು ನಡುಗಿಸಿದ ಗಂಟಲು, ಈಗ ಇರುವೆ ಓಡಾಡುವ ಕೊಳವೆ. ನಾವು ಯಾರೂ ಒಬ್ಬರೊಡನೊಬ್ಬರು ಮಾತನಾಡಲಿಲ್ಲ. ಎಂಜಿನ್ ಇಲ್ಲದೆ ನಮಗೆ ದನಿಯೇ ಇಲ್ಲ, ಇದ್ದ ದನಿಯೂ ನಮ್ಮದಾಗಿರಲಿಲ್ಲ. ಸಂಜೆಯಾದರೆ ನಾನು ತಮ್ಮಣ್ಣೆಪ್ಪನನ್ನು ನೆನೆಯುತ್ತಿದ್ದೆ. ಈಗ ಮಗ ಬಂದದ್ದು ಅವನಿಗೆ ಹೇಗೆ ಗೊತ್ತಾಗುತ್ತದೆ, ಮತ್ತೆ ಬೆಚ್ಚಿಬಿದ್ದನೇ, ಬೆರಳು ಉಳಿದಿದೆಯೇ ಎಂದು ಸಂಕಟಪಡುತ್ತಿದ್ದೆ. ಹೇಳುವವರು ಯಾರೂ ಇರಲಿಲ್ಲ.

ಒಂದು ದಿನ ನಮ್ಮನ್ನೆಲ್ಲ ಹೊತ್ತೊಯ್ದು ಠಾಣೆಯ ಮುಂದಿನ ಡಾಂಬರು ರಸ್ತೆಯ ಮೇಲೆ ಸಾಲಾಗಿ ಮಲಗಿಸಿದರು. ರೋಡ್ ರೋಲರ್ ಬಂದು ನಿಂತಿತ್ತು. ನೋಡಲು ಜನ ಸೇರಿದ್ದರು, ದಾನಮ್ಮ ಸೆರಗು ಹೊದ್ದುಕೊಂಡು ಮುಂದೆಯೇ ನಿಂತಿದ್ದಳು. ಅವಳ ಆಚೆ ಶ್ರೀಶೈಲ, ಅವನ ತೋಳು ಹಿಡಿದು ತಮ್ಮಣ್ಣೆಪ್ಪ. ನಾನು ಮೊದಲು ನೋಡಿದ್ದು ಅವನ ಕೈ. ಬೆರಳುಗಳೆಲ್ಲ ಇದ್ದವು. ಮುಖ ಮಾತ್ರ ಇಳಿದುಹೋಗಿತ್ತು.

ಶ್ರೀಶೈಲ ನನ್ನತ್ತ ಕೈ ತೋರಿಸಿದ. ಆಮೇಲೆ ಮಗ್ಗದವರ ಕೈಸನ್ನೆಯಲ್ಲಿ, ತುಟಿಯಲ್ಲಿ, ಪೋಲೀಸರು ನನ್ನನ್ನು ಬಿಚ್ಚಿಕೊಂಡದ್ದನ್ನು ಅಪ್ಪನಿಗೆ ತಿಳಿಸಿದ. ಅವನು ಇಷ್ಟು ದಿನ ಅದನ್ನು ಮುಚ್ಚಿಟ್ಟಿದ್ದ. ಠಾಣೆಯ ಮೆಟ್ಟಿಲು ಹತ್ತದ ಮನೆತನ, ಪೋಲೀಸರು ಹಿಡಿದರೆಂದು ಹೇಳಲು ನಾಚಿಕೆಯಾಗಿತ್ತು. ದಿನಾ ಮತ್ತೆ ಕಂಪನಿಯ ಸೈಲೆನ್ಸರ್ ಹಾಕಿಸಿಕೊಂಡ ಸದ್ದಿಲ್ಲದ ಬೈಕನ್ನು ಬಾಗಿಲಿಗೆ ಒರಗಿಸಿ, ಲಾಳಿಯೊಳಗಿನ ಕಂಡಿಕೆಯ ನೂಲು ತೀರಿ ಮಗ್ಗ ತಾನಾಗಿ ನಿಲ್ಲುವತನಕ ಹೊರಗೇ ಕಾದು ಒಳಗೆ ಹೋಗುತ್ತಿದ್ದ. ತಮ್ಮಣ್ಣೆಪ್ಪ ಅವನ ತುಟಿಯನ್ನೇ ನೋಡಿದ, ನನ್ನನ್ನು ನೋಡಿದ, ಮತ್ತೆ ಅವನನ್ನು ನೋಡಿದ. ಕಿವಿ ಕೇಳದವರ ಎತ್ತರದ ದನಿಯಲ್ಲಿ ಅಷ್ಟು ಜನರ ನಡುವೆ ಕೇಳಿದ:

"ಅಂದ್ರ ನನ್ನ ಕಿವಿ ಪೂರಾ ಹೋಗಿಲ್ಲೇನೊ? ಇದೂ ಕೇಳಸಲಿಲ್ಲಂದ್ರ ಇನ್ನ ಮುಗೀತು ಅನಕೊಂಡು ನಾ ಅನ್ನಾ ಬಿಟ್ಟೇನಲ್ಲೊ."

ಓಣಿಯಲ್ಲಿ ಯಾರೂ ಆಡದ ಮಾತನ್ನು ಅವನು ಬೀದಿಯಲ್ಲಿ ಆಡಿಬಿಟ್ಟಿದ್ದ. ದಾನಮ್ಮ ತಿರುಗಿ ನೋಡಿದಳು. ಅಷ್ಟರಲ್ಲಿ ರೋಲರ್ ಹೊರಟಿತು. ಹತ್ತಿರ ಬಂತು, ನನ್ನ ಮೇಲೆ ಏರಿತು. ನಾನು ಎಂಜಿನ್ನಿನ ಹಂಗಿಲ್ಲದೆ ಕೂಗಿದ್ದು ಅದೊಂದೇ ಸಲ. ಬೆಸುಗೆ ಬಿಡುವಾಗ, ಒಳಗಿನ ಕೊಳವೆ ಮುರಿಯುವಾಗ ನನ್ನಿಂದ ಹೊರಟ ಸದ್ದು ನನ್ನದೇ. ತಮ್ಮಣ್ಣೆಪ್ಪನ ತಲೆ ಥಟ್ಟನೆ ನನ್ನ ಕಡೆ ತಿರುಗಿತು.

"ಕೇಳಿಸ್ತು," ಎಂದ. ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು.

ಈಗ ನಾನು ಚಪ್ಪಟೆ ತಗಡು, ದಸ್ತಗೀರನ ಗ್ಯಾರೇಜಿನ ಪಕ್ಕದ ಗುಜರಿಯಲ್ಲಿ ಬಿದ್ದಿದ್ದೇನೆ. ಉಳಿದ ಕತೆಯನ್ನು ಶ್ರೀಶೈಲ ದಸ್ತಗೀರನಿಗೆ ಹೇಳುವಾಗ ಕೇಳಿಸಿಕೊಂಡೆ. ಆವತ್ತೇ ಸಂಜೆ ದಾನಮ್ಮ ಇವರ ಮನೆಗೆ ಬಂದಳಂತೆ. ಮೊದಲೇ ಹೇಳಿದ್ದರೆ ತಾನೇನು ಬೇಡವೆನ್ನುತ್ತಿದ್ದೆನೇ, ತನ್ನ ಮನೆಯಲ್ಲೂ ಇಬ್ಬರು ಕಿವುಡರಿದ್ದಾರೆ ಎಂದಳಂತೆ. ಆಮೇಲೆ ಸೊಂಟಕ್ಕೆ ಕೈಯಿಟ್ಟು ಮಗ್ಗವನ್ನೂ ಬಾಗಿಲನ್ನೂ ನೋಡಿ, ಈ ಮಗ್ಗವನ್ನು ತಿರುಗಿಸಿ ಇಟ್ಟರೆ ಮುದುಕನ ಮುಖ ಬಾಗಿಲಿಗೆ ಬರುವುದಿಲ್ಲವೇ ಎಂದು ಕೇಳಿದಳಂತೆ. ಶ್ರೀಶೈಲನ ಅಜ್ಜನ ಕಾಲದಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ ಮೂಡಲಿಗೆ ಮುಖ ಮಾಡಿತ್ತು, ತಮ್ಮಣ್ಣೆಪ್ಪ ಅದೇ ಜಾಗದಲ್ಲಿ ಪವರ್‌ಲೂಮ್ ಕೂರಿಸಿದ. ಪೂಜೆಯಾದ ಮಗ್ಗವನ್ನು ಅಲುಗಿಸಿದರೆ ಮನೆತನ ಅಲುಗುತ್ತದೆಂದು ಅವರ ನಂಬಿಕೆ. ಓಣಿಯ ಗಂಡಸರೆಲ್ಲ ಸೇರಿ, ಕಾಯಿ ಒಡೆದು, ಬೋಲ್ಟು ಬಿಚ್ಚಿ ಅದನ್ನು ತಿರುಗಿಸಿದರು. ಮನೆತನ ಅಲುಗಲಿಲ್ಲ. ಎಲ್ಲ ಗೊತ್ತಿದ್ದ ಸಾವಕಾರ ನೂಲು ನಿಲ್ಲಿಸಲೂ ಇಲ್ಲ. ಊರೆಲ್ಲ ನಡುಗುವ ಹಾಗೆ ಬೈಕಿನ ದನಿ ಬದಲಿಸಿದರು, ಮಗ್ಗವನ್ನು ತಿರುಗಿಸುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಇಲ್ಲಿ ಬಿದ್ದುಕೊಂಡು ನಾನೂ ದಸ್ತಗೀರನ ಹಾಗೆ ಲಾಭನಷ್ಟ ತೂಗುತ್ತೇನೆ. ಮುದುಕನ ಬೆರಳು ಉಳಿಯಿತು. ಕೂಸು ನಿದ್ದೆ ಮಾಡುತ್ತಿದೆ. ಬೈಕು ಏರಿನಲ್ಲಿ ತಿಣುಕುವುದಿಲ್ಲ. ನಾನು ಇಲ್ಲದಿರುವುದೇ ಎಲ್ಲರಿಗೂ ಒಳ್ಳೆಯದು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಮಗ ಬಂದದ್ದನ್ನು ತಮ್ಮಣ್ಣೆಪ್ಪ ಈಗ ಕಣ್ಣಿಂದ ನೋಡುತ್ತಾನೆ, ಅವನ ಕಿವಿಗೆ ಬರುವವರು ಯಾರೂ ಇಲ್ಲ. ಅವನು ಅಲ್ಲಿ ಒಂಟಿ, ನಾನು ಇಲ್ಲಿ ಒಂಟಿ.

ನಿನ್ನೆ ಅವನು ಮಗನ ಜೊತೆ ಗ್ಯಾರೇಜಿಗೆ ಬಂದಿದ್ದ. ಅದೇ ಬೆಂಚಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಎದ್ದು ಗುಜರಿಯ ರಾಶಿಯ ಹತ್ತಿರ ಬಂದ, ಬಾಗಿ ಒಂದೊಂದೇ ತಗಡನ್ನು ಸರಿಸುತ್ತ ಹುಡುಕಿದ. ನನ್ನ ಅಂಚಿನ ಸುಟ್ಟ ನೀಲಿ ಬಣ್ಣ ನೋಡಿ ಗುರುತು ಹಿಡಿದಿರಬೇಕು. ಕೈ ಮುಂದೆ ಮಾಡಿದವನು ಅಭ್ಯಾಸದಂತೆ ಒಂದು ಕ್ಷಣ ತಡೆದು ಮಗನ ಕಡೆ ನೋಡಿದ. ಈ ಸಲ ಶ್ರೀಶೈಲ ಆ ಕೈಯನ್ನು ಹಿಡಿಯಲಿಲ್ಲ. ತಮ್ಮಣ್ಣೆಪ್ಪ ತನ್ನ ಒರಟು ಅಂಗೈಯನ್ನು ನನ್ನ ಮೇಲೆ ಪೂರ್ತಿಯಾಗಿ ಇಟ್ಟ.

"ತಣ್ಣಗ ಆಗೇತಿ," ಎಂದ.

ದಸ್ತಗೀರ ಬೈಕ್ ಸರಿಮಾಡಿ ಮುಗಿಸುವತನಕ ಆ ಕೈ ಅಲ್ಲೇ ಇತ್ತು.