ಒಂದು ಕಂಟೇನರ್ ಕುತ್ತಿಗೆ

“ಅಲ್ಲಿ ಯಾಕಪ್ಪಾ ಇಷ್ಟೊಂದು ಮಳೆ ಸುರೀತಾ ಇದೆ?”

ಮಗಳು ಕೇಳಿದ್ದು ಯಾರನ್ನೂ ಅಲ್ಲ. ಕಚೇರಿಯಲ್ಲಿ ಅವಳೊಬ್ಬಳೇ ಇದ್ದಳು. ಗೋಡೆಯಾಚೆ ಕೋಲ್ಡ್ ಸ್ಟೋರೇಜಿನ ಯಂತ್ರ ಗುಂಯ್‌ಗುಡುತ್ತಿತ್ತು. ಅಲ್ಲಿ ಎಂದರೆ ಸಮುದ್ರದಾಚೆ, ಅಪ್ಪನ ಸಗಟು ವ್ಯಾಪಾರಕ್ಕೆ ಮಾಂಸ ಕಳಿಸುವ ಕುರಿಗಳ ನಾಡಿನಲ್ಲಿ. ಅಲ್ಲಿ ಮಳೆ ಬಿದ್ದರೆ ಹುಲ್ಲು ಚಿಗುರುತ್ತದೆ, ಹುಲ್ಲು ಚಿಗುರಿದರೆ ಸಾಕಿದವರು ಕುರಿ ಮಾರುವುದಿಲ್ಲ, ಅವರು ಮಾರದಿದ್ದರೆ ಇಲ್ಲಿ ಮಂಜುಗಟ್ಟಿದ ಮಾಂಸದ ಬೆಲೆ ಮೆಟ್ಟಿಲು ಹತ್ತುತ್ತದೆ. ಅಲ್ಲಿ ದೇವರು ಕಣ್ಣು ಬಿಟ್ಟಾಗಲೆಲ್ಲ ಇಲ್ಲಿ ಅಪ್ಪ ಹುಬ್ಬು ಗಂಟಿಕ್ಕುತ್ತಿದ್ದರು.

ಈಗ ಅಪ್ಪ ಮಹಡಿಯ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಕೋಲ್ಡ್ ಸ್ಟೋರೇಜಿನ ಹೊಸ್ತಿಲ ಮೇಲಿನ ಮಂಜಿನಲ್ಲಿ ಜಾರಿ ಬಿದ್ದಿದ್ದರು. ಮಲಗಿದವರು ಖರೀದಿಯ ಕುರ್ಚಿಯನ್ನು ಮಗಳಿಗೆ ಕೊಟ್ಟರು. ಅದು ಚಿಕ್ಕಪ್ಪನಿಗೆ ಹಿಡಿಸಲಿಲ್ಲ. ಚಿಕ್ಕಪ್ಪನಿಗೆ ವ್ಯಾಪಾರದ ಆಸೆಯೇನೂ ಇರಲಿಲ್ಲ, ಇದ್ದದ್ದು ಕುರ್ಚಿಯ ಆಸೆ. ಅದು ಕಿಟಕಿಯ ಪಕ್ಕದಲ್ಲಿತ್ತು, ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಅವನೋ ಕೂದಲು ಕಪ್ಪಗಿದ್ದಾಗಿನಿಂದ ಆ ಮಂಜಿನ ಕೋಣೆಯಲ್ಲಿ ದಪ್ಪ ಕೋಟು ತೊಟ್ಟು, ಕಿವಿಗೆ ಬಟ್ಟೆ ಸುತ್ತಿಕೊಂಡು, ಪೆಟ್ಟಿಗೆ ಜೋಡಿಸುತ್ತ, ಗರಗಸದ ಯಂತ್ರದಲ್ಲಿ ಮಾಂಸ ಕೊಯ್ಯುತ್ತ ಬಂದವನು. ಚಳಿ ಮರೆಯಲು ಬಾಲ್ಯದಲ್ಲಿ ಕಲಿತ ಪದ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಬಾಯಿಂದ ಪದ್ಯವೂ ಹಬೆಯೂ ಒಟ್ಟಿಗೇ ಹೊರಡುತ್ತಿದ್ದವು.

ಆ ಮಳೆಯ ವಾರ ಆ ಕಡೆಯ ವ್ಯಾಪಾರಿ ಫೋನು ಮಾಡಿ ಭುಜದ ಮಾಂಸದ ಬೆಲೆ ಹೇಳಿದ. ಮಗಳು ಇನ್ನೊಮ್ಮೆ ಹೇಳಿಸಿದಳು. ತೊಡೆಯದಂತೂ ಕೇಳುವ ಹಾಗೇ ಇರಲಿಲ್ಲ. ಕೊನೆಗೆ ಅವನು ದನಿ ತಗ್ಗಿಸಿ, ಕುತ್ತಿಗೆ ಭಾಗ ಬೇಕಾದರೆ ಅರ್ಧಕ್ಕಿಂತ ಕಡಿಮೆಗೆ ಕೊಡುತ್ತೇನೆ ಎಂದ. ಅರ್ಧಕ್ಕಿಂತ ಕಡಿಮೆ ಎಂಬ ಮಾತು ಅವಳ ಕಿವಿಗೆ ಜೇನಿನ ಹಾಗೆ ಇಳಿಯಿತು. ಅಪ್ಪನನ್ನು ಕೇಳಲಿಲ್ಲ, ಚಿಕ್ಕಪ್ಪನನ್ನು ಕೇಳಲಿಲ್ಲ. ಕಳಿಸಿ ಎಂದುಬಿಟ್ಟಳು. ಆ ವ್ಯಾಪಾರದಲ್ಲಿ ಫೋನಿನಲ್ಲಿ ಆಡಿದ ಮಾತೇ ಮಾತು.

ಹಡಗು ಬಂತು. ಕಂಟೇನರಿನ ಬಾಗಿಲು ತೆರೆದಾಗ ಚಿಕ್ಕಪ್ಪ ಒಂದು ಪೆಟ್ಟಿಗೆ ಬಿಚ್ಚಿದ, ಇನ್ನೊಂದು ಬಿಚ್ಚಿದ, ತಲೆ ಎತ್ತಿ ಒಳಗೆ ತುದಿಯವರೆಗೆ ನೋಡಿದ.

“ಮೇಡಂ, ಎಲ್ಲಾ ಇದೇನಾ?”

“ಎಲ್ಲಾ ಅದೇ, ಚಿಕ್ಕಪ್ಪ.”

“ಅಲ್ವೇ, ಒಂದು ಕುರಿಗೆ ಒಂದೇ ಕುತ್ತಿಗೆ. ಇಷ್ಟನ್ನ ಎಲ್ಲಿಂದ ಹುಡುಕಿ ತಂದೆ?”

ಕುತ್ತಿಗೆಗಳು ಮರದ ಕೊರಡುಗಳ ಹಾಗೆ ಗಟ್ಟಿಯಾಗಿದ್ದವು. ಮಗಳು ಮರೆತದ್ದೂ ಅದನ್ನೇ. ಭುಜವನ್ನಾದರೆ ಅಂಗಡಿಯವನು ಕರಗಿಸಿ ಕತ್ತಿಯಲ್ಲೇ ತುಂಡು ಮಾಡುತ್ತಾನೆ. ಕುತ್ತಿಗೆಯ ಎಲುಬಿನ ಗಂಟಿಗೆ ಗರಗಸವೇ ಬೇಕು. ಊರಿನ ಯಾವ ಅಂಗಡಿಯಲ್ಲೂ ಗರಗಸದ ಯಂತ್ರ ಇರಲಿಲ್ಲ. ಅವಳು ಒಬ್ಬೊಬ್ಬರಿಗೇ ಫೋನು ಮಾಡಿದಳು. ಒಬ್ಬ ನಕ್ಕ. ಇನ್ನೊಬ್ಬ, “ನನ್ನ ಕುತ್ತಿಗೆಯೇ ಮನೆಯವಳ ಕೈಲಿದೆ ತಾಯಿ, ಇನ್ನೊಂದನ್ನ ಎಲ್ಲಿ ಇಟ್ಕೊಳ್ಳಲಿ?” ಎಂದ.

ಮಹಡಿಯಿಂದ ಊರುಗೋಲಿನ ಸದ್ದು ಕೇಳಿತು. ಅಪ್ಪನಿಗೆ ಕೋಪ ಬಂದರೆ ನೆಲ ಕುಟ್ಟುತ್ತಿದ್ದರು. ಮಗಳು ಮೇಲೆ ಹೋದಳು. ಚಿಕ್ಕಪ್ಪ ಅದಾಗಲೇ ಹೋಗಿ ಸುದ್ದಿ ಮುಟ್ಟಿಸಿ ಮಂಚದ ಪಕ್ಕ ಒಳ್ಳೆಯ ಮಗುವಿನ ಹಾಗೆ ಕೂತಿದ್ದ.

“ಬಯ್ಯೋದಿಲ್ಲ,” ಎಂದರು ಅಪ್ಪ, ಬಯ್ಯುವ ದನಿಯಲ್ಲೇ. “ಮುಂದಿನ ಹಡಗು ಬರೋ ಹೊತ್ತಿಗೆ ಒಳಗೆ ಒಂದು ಪೆಟ್ಟಿಗೆ ಕುತ್ತಿಗೆ ಉಳಿದಿದ್ರೂ ಕುರ್ಚಿ ನಿನ್ನ ಚಿಕ್ಕಪ್ಪಂಗೆ. ಆಯ್ತಾ?”

“ಆಯ್ತು,” ಎಂದಳು ಮಗಳು. ಆ ಕುರ್ಚಿಯಲ್ಲಿ ಕೂತು ದೂರದ ದನಿಗಳನ್ನು ಕೇಳುವುದು, ಬೆಲೆಯ ಏರಿಳಿತದ ಹಿಂದೆ ಎಲ್ಲೋ ಒಬ್ಬ ಕುರುಬ ಆಕಾಶ ನೋಡುತ್ತಿರುವುದನ್ನು ಊಹಿಸುವುದು ಅವಳಿಗೆ ತುಂಬ ಇಷ್ಟವಾಗಿಬಿಟ್ಟಿತ್ತು. ಅದನ್ನು ಕಳೆದುಕೊಂಡು ಮತ್ತೆ ಬರೀ ಬಿಲ್ಲು ಬರೆಯುವ ಕೆಲಸಕ್ಕೆ ಹೋಗುವುದೆಂದರೆ ಅಳು ಬರುತ್ತಿತ್ತು.

“ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತೆ ಅಲ್ಲಿ?” ಎಂದು ಚಿಕ್ಕಪ್ಪ ಮೆಲ್ಲಗೆ ಕೇಳಿದ.

ಮರುದಿನ ಬಂದರಿನ ಕ್ಯಾಂಟೀನಿನ ಅಕ್ಕ ಬಂದಳು. ಅವಳು ಹಳೆಯ ಗಿರಾಕಿ, ಮೂಟೆ ಹೊರುವವರಿಗೆ ಊಟ ಹಾಕುವವಳು.

“ಭುಜದ ರೇಟು ಕೇಳಿದೆ ಕಣಮ್ಮ, ತಲೆ ತಿರುಗ್ತು. ನಾನು ಊಟದ ರೇಟು ಏರಿಸೋ ಹಾಗಿಲ್ಲ. ನಾಳೆಯಿಂದ ಮಾಂಸ ನಿಲ್ಲಿಸ್ತೀನಿ ಅಂತ ಹೇಳಿ ಹೋಗೋಣ ಅಂತ ಬಂದೆ.”

“ಕುತ್ತಿಗೆ ತಗೋ ಅಕ್ಕ.”

“ಅದರ ಜೊತೆ ಕುಸ್ತಿ ಆಡೋಕೆ ಟೈಮಿಲ್ಲ ನಂಗೆ.”

“ಬಳೆ ಹಾಗೆ ಕೊಯ್ದು ಕೊಟ್ರೆ?”

ಹೊರಟಿದ್ದ ಅಕ್ಕ ನಿಂತಳು. ಒಳಗಿನಿಂದ ಪದ್ಯ ಕೇಳುತ್ತಿತ್ತು. ಮಗಳು ಬಾಗಿಲ ಬಳಿ ಹೋಗಿ, ತೂಗುಬಿಟ್ಟ ಪ್ಲಾಸ್ಟಿಕ್ ಪಟ್ಟಿಗಳ ನಡುವೆ ತಲೆ ತೂರಿಸಿ, ಚರಣ ಮುಗಿಯುವವರೆಗೆ ಕಾದಳು. ನಡುವೆ ತಡೆದರೆ ಚಿಕ್ಕಪ್ಪನಿಗೆ ಸಿಟ್ಟು ಬರುತ್ತದೆಂದು ಅವಳಿಗೆ ಗೊತ್ತಿತ್ತು.

“ಚಿಕ್ಕಪ್ಪ, ಕುತ್ತಿಗೆಯನ್ನ ಬೆರಳು ದಪ್ಪಕ್ಕೆ ಕೊಯ್ದು ಕೊಡ್ತೀಯಾ?”

“ನಿನ್ನ ಕುರ್ಚಿ ಉಳಿಸೋಕೆ ನಾನು ಕೊಯ್ಯಬೇಕಾ?”

“ಕೊಯ್ಯದೆ ಗೆದ್ರೆ ಜನ ಏನಂತಾರೆ? ಕುರ್ಚಿ ಆಸೆಗೆ ಅಣ್ಣನ ಮಗಳ ಕೈ ಬಿಟ್ಟ ಅಂತಾರೆ.”

ಚಿಕ್ಕಪ್ಪ ಮೂಗು ಒರೆಸಿಕೊಂಡ. “ವಕೀಲಿ ಓದಬೇಕಿತ್ತು ನೀನು,” ಎಂದು ಗೊಣಗಿ ಗರಗಸ ಚಾಲೂ ಮಾಡಿದ. ಬಿಳಿಯ ಪುಡಿ ಹಾರಿತು. ಕುತ್ತಿಗೆ ದುಂಡುದುಂಡಗೆ, ನಡುವೆ ಎಲುಬಿನ ಹೂವಿಟ್ಟಂತೆ, ಒಂದೊಂದಾಗಿ ತಟ್ಟೆಗೆ ಬಿತ್ತು. ಅವನಿಗೇ ಚಂದ ಕಂಡಿತೋ ಏನೋ, ಪದ್ಯದ ದನಿ ಏರಿತು.

ಮರುದಿನ ಅಕ್ಕ ಬೆಳಿಗ್ಗೆಯೇ ಕ್ಯಾಂಟೀನಿನಲ್ಲಿ ಆ ತುಂಡುಗಳನ್ನು ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಇಟ್ಟಳು. ಮಗಳು ಅಲ್ಲೇ ಸ್ಟೂಲಿನ ಮೇಲೆ ಕೂತು, ಪಾತ್ರೆಯ ಕುದಿತವನ್ನು ಕೇಳುತ್ತ, ಬಾಯಲ್ಲಿ ದೇವರ ಹೆಸರು ಹೇಳುತ್ತ ಕಾದಳು. ಊಟದ ಹೊತ್ತಿಗೆ ಮಾಂಸ ಎಲುಬು ಬಿಟ್ಟು ಬಂದಿತ್ತು. ಮೂಟೆ ಹೊರುವವರು ಮೊದಲು ತಿಂದರು, ಆಮೇಲೆ ಎಲುಬನ್ನು ತುಟಿಗಿಟ್ಟು ಹೀರಿದರು. ಸಾಲಿನುದ್ದಕ್ಕೂ ಪೀಪಿ ಊದಿದ ಹಾಗೆ ಸದ್ದು. ಅಕ್ಕ ಮಗಳ ಕಡೆ ತಿರುಗಿ, “ನಾಳೆಗೂ ಕೊಯ್ಯೋಕೆ ಹೇಳು,” ಎಂದಳು.

ಬಂದರಿನ ಸುದ್ದಿಗೆ ಕಾಲು ಬೇಗ. ಆಸ್ಪತ್ರೆಯ ಅಡುಗೆಮನೆಯವರು ಬಂದರು, ಹಾಸ್ಟೆಲಿನವರು ಬಂದರು. ಮನೆಯವಳ ಕೈಲಿ ಕುತ್ತಿಗೆ ಕೊಟ್ಟಿದ್ದ ಅಂಗಡಿಯವನೂ ಚೀಲ ಹಿಡಿದು ಬಂದ. ಕೊಯ್ಯುವುದನ್ನು ಜನ ನೋಡಲಿ ಎಂದು ಮಗಳು ಗರಗಸವನ್ನು ಕಚೇರಿಯ ಮುಂದಿನ ಕಟ್ಟೆಗೆ ಸಾಗಿಸಿದಳು. ಅಲ್ಲಿ ಮಂಜಿರಲಿಲ್ಲ, ಮಧ್ಯಾಹ್ನದ ಬಿಸಿಲೂ ಬೀಳುತ್ತಿತ್ತು. ಚಿಕ್ಕಪ್ಪ ಕಿವಿಯ ಬಟ್ಟೆ ಬಿಚ್ಚಿದ. ಗಿರಾಕಿಗಳು ಪದ್ಯ ಕೇಳುತ್ತ ನಿಲ್ಲತೊಡಗಿದರು. ಒಬ್ಬ ಮುದುಕ ಮಾಂಸ ಕೊಂಡ ಮೇಲೂ ಹೋಗದೆ, “ಮುಂದಿನದು ಹೇಳಪ್ಪಾ,” ಎಂದ.

“ಅತ್ತಿಗೆ, ಕೂರಬೇಕಾದ ಕುರ್ಚೀನ ನಾನೇ ಕೊಯ್ದು ಹಾಕಿದೆ ನೋಡಿ,” ಎಂದು ಟೀ ತಂದುಕೊಟ್ಟ ಮಗಳ ಅಮ್ಮನಿಗೆ ಚಿಕ್ಕಪ್ಪ ಹೇಳಿದ. ಹೇಳುವಾಗ ನಗುತ್ತಿದ್ದ.

ಮುಂದಿನ ಹಡಗು ಬಂದರು ಮುಟ್ಟುವ ಮೊದಲೇ ಕೊನೆಯ ಪೆಟ್ಟಿಗೆ ಖಾಲಿಯಾಯಿತು. ಆ ದಿನ ಅಪ್ಪ ಊರುಗೋಲು ಹಿಡಿದು ಮೊದಲ ಸಲ ಮೆಟ್ಟಿಲಿಳಿದು ಬಂದರು. ಖಾಲಿ ಮೂಲೆಯನ್ನು ನೋಡಿದರು, ಹೊರಗಿನ ಸಾಲನ್ನು ನೋಡಿದರು. ಕಚೇರಿಗೆ ಬಂದು ಮಗಳ ಎದುರು, ಗಿರಾಕಿಗಳು ಕೂರುವ ಮರದ ಬೆಂಚಿನ ಮೇಲೆ ಕೂತರು. ಮುಖ ಅರಳಿತ್ತು.

“ಈಗಲೇ ಆ ಕಡೆಯ ವ್ಯಾಪಾರಿಗೆ ಫೋನ್ ಮಾಡು. ಎರಡು ಕಂಟೇನರ್ ಕುತ್ತಿಗೆ ಹೇಳು.”

“ಬೆಳಿಗ್ಗೆ ಮಾತಾಡಿದೆ ಅಪ್ಪ. ನಾವು ಖಾಲಿ ಮಾಡಿದ್ದು ಅವನ ಕಿವಿಗೂ ಬಿದ್ದಿದೆ. ಕುತ್ತಿಗೆಗೆ ಈಗ ಹೆಚ್ಚುಕಮ್ಮಿ ಭುಜದ ರೇಟೇ ಹೇಳ್ತಾನೆ.”

“ಹೇಳಲಿ ಬಿಡು. ಜನ ರುಚಿ ಕಂಡಿದ್ದಾರೆ, ಕೊಟ್ಟೇ ಕೊಡ್ತಾರೆ.”

“ಕ್ಯಾಂಟೀನಿನಕ್ಕ ಕೊಡೋಕಾಗಲ್ಲ. ಅವಳು ನಿಲ್ಲಿಸಿದ್ರೆ ಉಳಿದವರೂ ನಿಲ್ಲಿಸ್ತಾರೆ. ಅವನು ರೇಟು ಇಳಿಸೋವರೆಗೂ ಕಾಯೋಣ.”

“ಕಾಯೋದಂತೆ! ನಿಂಗೆ ಅವನ ಜೊತೆ ಜಗ್ಗಾಡೋಕೆ ಬರಲ್ಲ, ಅಷ್ಟೇ.” ಅಪ್ಪ ಮೇಜಿನ ಮೇಲೆ ಕೈ ಚಾಚಿದರು. “ಕೊಡಿಲ್ಲಿ ಆ ಫೋನ್, ನಾನೇ ಹೇಳ್ತೀನಿ.”

ಮಗಳು ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು.

“ಕೊಡಲ್ಲ ಅಪ್ಪ,” ಎಂದಳು.