ಬಂಗಾರಪ್ಪನವರಿಗೆ ಕೊಟ್ಟ ಕಾರ್ಡು

ನನ್ನ ಗಂಡ ಯೋಗರಾಜ್ ಶಿವಮೊಗ್ಗದ ಪತ್ರಿಕೆಯೊಂದರಲ್ಲಿ ಇಡೀ ಆಯುಷ್ಯ ಆಟದ ಸುದ್ದಿ ಬರೆದರು. ಆಟದ ಸುದ್ದಿ ಅಂತ ಹೆಸರಿಗೆ. ಪಂದ್ಯಾವಳಿ ಯಾರು ಉದ್ಘಾಟಿಸಿದರು, ವೇದಿಕೆ ಮೇಲೆ ಯಾರ್ಯಾರು ಕೂತಿದ್ದರು, ಬಹುಮಾನ ಯಾರು ಕೊಟ್ಟರು, ಇಷ್ಟಕ್ಕೇ ಜಾಗ ಮುಗಿಯುತ್ತಿತ್ತು. ಗಣ್ಯರ ಹೆಸರು ಒಂದು ಬಿಟ್ಟರೂ ಬೆಳಿಗ್ಗೆ ಫೋನಿನಲ್ಲಿ ಬೈಗುಳ. ಆಡಿದವರ ಹೆಸರು ಬಿಟ್ಟರೆ ಕೇಳುವವರೇ ಇಲ್ಲ. ಈ ಮನುಷ್ಯ ಅನ್ನದ ಮುಂದೆ ಕೂತು ಕೊರಗುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು.

ನಿವೃತ್ತರಾದ ಮೇಲೆ ಆ ಬಿಟ್ಟುಹೋದವರ ಬಗ್ಗೆಯೇ ಪುಸ್ತಕ ಬರೆದರು. ಮೊದಲ ಅಧ್ಯಾಯ ಭದ್ರಾವತಿಯ ಬಂಗಾರಪ್ಪನವರದು. ಕಾರ್ಖಾನೆ ತಂಡದ ಕಬಡ್ಡಿ ಆಟಗಾರ. ಕಾಲು ಹಿಡಿದರೆಂದರೆ ಎದುರಾಳಿ ಗೆರೆ ಮುಟ್ಟಿದ್ದೇ ಇಲ್ಲ. ಪೇಪರಿನಲ್ಲಿ ಮಾತ್ರ ಒಂದು ಸಲವೂ ಹೆಸರು ಬಂದಿರಲಿಲ್ಲ.

"ಬಿಡುಗಡೆ ದಿನ ಅವರನ್ನ ಸ್ಟೇಜ್ ಮೇಲೆ ಕೂರಿಸ್ತೀನಿ ಶೀಲಾ. ಆಮೇಲೆ ನಾನು ಪೆನ್ನು ಮುಟ್ಟದಿದ್ರೂ ಪರ್ವಾಗಿಲ್ಲ" ಅಂದಿದ್ದರು.

ಆಹ್ವಾನದ ಕಾರ್ಡು ಅಚ್ಚಾಗಿ ಬಂತು. ಊರಿಗೆಲ್ಲ ಹಂಚಿ ಸುಸ್ತಾಗಿ, ಕೊನೆಗೆ ಗೋಪಾಳದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಭದ್ರಾವತಿಗೆ ಹೋದೆವು. ಬಂಗಾರಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು.

"ನಮ್ಮ ಬೀದಿಯೋರಿಗೆಲ್ಲ ಹೇಳಿಬಿಟ್ಟಿದೀನಿ ಕಣಮ್ಮ, ಕಾರ್ಡಲ್ಲಿ ಇವ್ರ ಹೆಸ್ರು ಬರುತ್ತೆ ಅಂತ" ಎಂದರು ಅವರ ಹೆಂಡತಿ ಹುಲಿಗೆಮ್ಮ.

ಬಂಗಾರಪ್ಪನವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿದರು. ತಿರುಗಿಸಿ ಹಿಂದೆ ನೋಡಿದರು. ಮತ್ತೆ ಮೇಲಿನಿಂದ ಓದಿದರು. ನನಗೆ ಅನುಮಾನ ಬಂದು ಇಣುಕಿದೆ. ಲೋಕಾರ್ಪಣೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಎಲ್ಲರ ಹೆಸರೂ ಹುದ್ದೆ ಸಮೇತ ಇತ್ತು. ತಳದಲ್ಲಿ 'ಹಿರಿಯ ಕ್ರೀಡಾಪಟುಗಳು ಪಾಲ್ಗೊಳ್ಳುವರು' ಅಂತ ಒಂದು ಸಾಲು. ಅದನ್ನು ಬರೆದುಕೊಟ್ಟದ್ದು ಬೇರೆ ಯಾರೂ ಅಲ್ಲ, ನನ್ನ ಗಂಡನೇ. ಪೇಪರಿಗೆ ಬರೆದೂ ಬರೆದೂ ರೂಢಿಯಾದ ಕೈ, ಹಾಗೇ ಬರೆದುಬಿಟ್ಟಿತ್ತು. ಅಯ್ಯೋ ದೇವರೇ! ಅಲ್ಲೇ ಗಂಡನಿಗೆ ನಾಲ್ಕು ಮಾತು ಅಂದುಬಿಡೋಣ ಎನ್ನಿಸಿತು ನನಗೆ.

ಅಷ್ಟರಲ್ಲಿ ಯೋಗರಾಜ್ ಜೇಬಿನಿಂದ ಪೆನ್ನು ತೆಗೆದರು. "ಕೊಡಿ ಬಂಗಾರಪ್ಪೋರೆ, ದೊಡ್ಡ ತಪ್ಪಾಯ್ತು. ಎಲ್ರಿಗಿಂತ ಮೇಲೆ ಬರೀತೀನಿ."

ಬಂಗಾರಪ್ಪನವರು ಕಾರ್ಡು ಮಡಚಿ ಜೇಬಿಗೆ ಇಟ್ಟುಕೊಂಡರು.

"ಬಿಡಿ ಮಾರಾಯ್ರೆ" ಎಂದರು. "ನೀವೀಗ ಬರೆದ್ರೆ ನನ್ನೊಬ್ಬನ ಕಾರ್ಡಲ್ಲಿ ಇರುತ್ತೆ, ಅಷ್ಟೇ."